ಮೊದಲ ಮಿಲ್ಲಿಂಗ್ ಮಷೀನಿಗೆ ಇನ್ನು ಚಿಕ್ಕ ಸೆಟ್

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮನೆಯಲ್ಲೇ ಸಣ್ಣ ಮಿಲ್ಲಿಂಗ್ ಮಷೀನ್ (ತಿರುಗುವ ಕಟರಿನಿಂದ ಲೋಹ ಕೆತ್ತುವ ಯಂತ್ರ) ಇಟ್ಟುಕೊಳ್ಳುವವರಿಗೆ ನಾವು ಇಷ್ಟು ದಿನ ಒಂದು ದೊಡ್ಡ ಸೆಟ್ ಕೊಡುತ್ತಿದ್ದೆವು. ಇಪ್ಪತ್ತು ಕಟರ್, ಲೋಹದ ತುಂಡನ್ನು ಕಚ್ಚಿ ಹಿಡಿಯುವ ಒಂದು ವೈಸ್, ಡ್ರಿಲ್ ಬಿಟ್ ಹಿಡಿಯುವ ಒಂದು ಡ್ರಿಲ್ ಚಕ್. ಬರುವ ತಿಂಗಳ 1ರಿಂದ ಅದನ್ನು ನಿಲ್ಲಿಸುತ್ತಿದ್ದೇವೆ.

ಕಾರಣ ಹೇಳುತ್ತೇವೆ. ಕಟಪಾಡಿ ಕಡೆಯ ನಮ್ಮ ಹಳೆಯ ಗ್ರಾಹಕರೊಬ್ಬರು ಮಳೆಗಾಲ ಮುಗಿದ ಮೇಲೆ ಅಂಗಡಿಗೆ ಬಂದರು. ಸೆಟ್ಟಿನ ಪೆಟ್ಟಿಗೆಯನ್ನು ಕೌಂಟರ್ ಮೇಲೆ ತೆರೆದಿಟ್ಟು, "ಮಾರಾಯ್ರೆ, ಇದ್ರಲ್ಲಿ ನಾನು ಮುಟ್ಟಿದ್ದು ನಾಲ್ಕೇ ಕಟರ್" ಅಂದರು. ಉಳಿದವಕ್ಕೆ ತುಕ್ಕು ಹಿಡಿದಿತ್ತು. ಅದಕ್ಕಿಂತ ಬೇಸರ ಆದದ್ದು ಅವರ ಇನ್ನೊಂದು ಮಾತಿಗೆ. ವರ್ಷವಿಡೀ ಅವರ ಒಂದು ಜಾಬ್ (ಕೆತ್ತುವ ಲೋಹದ ತುಂಡು) ಕೂಡ ಸರಿಯಾಗಿ ಚೌಕ ಬರಲಿಲ್ಲವಂತೆ. ಕೈ ಪಳಗಿಲ್ಲ ಅಂತ ಅವರು ತಮ್ಮನ್ನೇ ಬೈದುಕೊಂಡಿದ್ದರು. ತಪ್ಪು ಅವರ ಕೈಯದ್ದಲ್ಲ, ನಾವು ಕೊಟ್ಟ ವೈಸಿನದ್ದು.

ಆ ವೈಸ್ ಡ್ರಿಲ್ಲಿಂಗ್ ಮಷೀನಿಗೆ ಸಾಕು. ಮಿಲ್ಲಿಂಗಿಗೆ ಸಾಲದು. ಬಿಗಿ ಮಾಡುವಾಗ ಅದರ ಓಡುವ ದವಡೆ ಸ್ವಲ್ಪ ಮೇಲಕ್ಕೆ ಏಳುತ್ತದೆ, ಜೊತೆಗೆ ಜಾಬ್ ಕೂಡ ಏಳುತ್ತದೆ. ತೂತು ಕೊರೆಯುವಾಗ ಒತ್ತಡ ಕೆಳಕ್ಕೆ ಇರುವುದರಿಂದ ಇದು ಗೊತ್ತಾಗುವುದಿಲ್ಲ. ಮಿಲ್ಲಿಂಗ್ ಕಟರ್ ಪಕ್ಕದಿಂದ ತಳ್ಳುತ್ತದಲ್ವಾ, ಅಲ್ಲಿ ಎಲ್ಲ ಬಯಲಾಗುತ್ತದೆ. ಹಾಗಾಗಿ ಹೊಸ ಸೆಟ್ಟಿನಲ್ಲಿ ಬಿಗಿ ಮಾಡಿದಾಗ ದವಡೆಯನ್ನು ಕೆಳಕ್ಕೂ ಎಳೆಯುವ, ಗ್ರೈಂಡ್ ಮಾಡಿದ ವೈಸ್ ಇರುತ್ತದೆ. ಜಾಬ್ ಎತ್ತರಿಸಲು ಪ್ಯಾರಲಲ್‌ಗಳು (ಒಂದೇ ಎತ್ತರದ ಜೋಡಿ ಪಟ್ಟಿಗಳು), ವೈಸಿನಲ್ಲಿ ಕೂರದ ಜಾಬಿಗೆ ಟೇಬಲ್ಲಿನ ಟಿ-ಸ್ಲಾಟಿಗೆ (ಟಿ ಆಕಾರದ ತೋಡಿಗೆ) ಹೊಂದುವ ಕ್ಲಾಂಪ್ ಸೆಟ್ ಕೂಡ.

ಎರಡನೆಯ ಬದಲಾವಣೆ ಕಟರ್ ಹಿಡಿಯುವುದರಲ್ಲಿ. ಡ್ರಿಲ್ ಚಕ್‌ಗೆ ಎಂಡ್ ಮಿಲ್ (ಮಿಲ್ಲಿಂಗ್ ಕಟರ್) ಹಾಕಬೇಡಿ, ದಯವಿಟ್ಟು. ಪಕ್ಕದ ಒತ್ತಡಕ್ಕೆ ಕಟರ್ ಜಾರುತ್ತದೆ. ಕೆಲವೊಮ್ಮೆ ಓಡುತ್ತಿರುವಾಗಲೇ ಚಕ್ ತನ್ನ ಟೇಪರಿನಿಂದ (ತುದಿಗೆ ಸಪೂರವಾಗುವ ದಂಡಿನಿಂದ) ಕಳಚಿ ಬೀಳುತ್ತದೆ. ಇನ್ನು ಮುಂದೆ ಇಆರ್25 ಅಳತೆಯ ಕೊಲೆಟ್ ಹೋಲ್ಡರ್, ಕಟರಿನ ದಂಡನ್ನು ಸುತ್ತಲೂ ಬಿಗಿ ಹಿಡಿಯುವ 6, 8, 10, 12 ಮಿ.ಮೀ. ಕೊಲೆಟ್‌ಗಳನ್ನು ಕೊಡುತ್ತೇವೆ. 16 ಮಿ.ಮೀ.ವರೆಗೆ ಹಿಡಿಯುವ ಕೊಲೆಟ್ ಇದರಲ್ಲಿ ಸಿಗುತ್ತದೆ, ಮನೆಯ ಮಷೀನಿಗೆ ಅಷ್ಟು ಧಾರಾಳ. ಒಂದು ವಿಷಯ ನೆನಪಿರಲಿ: ಕೊಲೆಟನ್ನು ಮೊದಲು ನಟ್ಟಿನೊಳಗೆ ಓರೆಯಾಗಿಟ್ಟು ಒತ್ತಿ, 'ಟಕ್' ಅಂತ ಕೂರಿಸಿ. ಆಮೇಲೆ ಹೋಲ್ಡರಿಗೆ ಹಾಕಿ. ನೇರ ಹೋಲ್ಡರಿಗೆ ಹಾಕಿದರೆ ಬಿಚ್ಚುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಟರ್ ನಾಲ್ಕೇ. 6 ಮತ್ತು 10 ಮಿ.ಮೀ., ಎರಡರಲ್ಲೂ ಎರಡು ಫ್ಲೂಟಿನದ್ದೊಂದು, ನಾಲ್ಕು ಫ್ಲೂಟಿನದ್ದೊಂದು (ಫ್ಲೂಟ್ ಅಂದರೆ ಕಟರಿನ ಮೈಮೇಲಿನ ತೋಡು). ಅಲ್ಯೂಮಿನಿಯಂಗೆ, ಸ್ಲಾಟ್ ಹೊಡೆಯಲು ಎರಡು ಫ್ಲೂಟ್, ಯಾಕೆಂದರೆ ಚಿಪ್ಸ್ ಹೊರಗೆ ಬರಲು ಜಾಗ ಬೇಕು. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಅಂಚು ಹೊಡೆಯಲು ನಾಲ್ಕು. ಎಲ್ಲವೂ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್). ಕಾರ್ಬೈಡ್ ಯಾಕಿಲ್ಲ ಅಂತ ಸುರತ್ಕಲ್, ಮಣಿಪಾಲದ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಕಾರ್ಬೈಡ್ ಗಟ್ಟಿ, ಆದರೆ ನಡುಕ ತಡೆಯುವುದಿಲ್ಲ. ಹಗುರ ಮಷೀನಿನಲ್ಲಿ ಅಂಚು ಚಕ್ಕೆ ಏಳುತ್ತದೆ. ಕಲಿಯುವ ಕೈಗೆ ಎಚ್‌ಎಸ್‌ಎಸ್ ಒಳ್ಳೆಯದು, ಮೊಂಡಾದರೆ ಸಾಣೆಗೂ ಕೊಡಬಹುದು. ಎಂಎಸ್ ಮೇಲೆ 10 ಮಿ.ಮೀ. ಕಟರನ್ನು ಸುಮಾರು 800 ಆರ್‌ಪಿಎಂನಲ್ಲಿ ಓಡಿಸಿ. ಜಾಸ್ತಿ ಓಡಿಸಿದರೆ ಸುಮ್ನೆ ಸುಟ್ಟುಹೋಗುತ್ತದೆ.

ಒಂದು ಲಿವರ್ ಡಯಲ್ (ಸಣ್ಣ ಏರುಪೇರು ತೋರಿಸುವ ಮುಳ್ಳಿನ ಗೇಜ್) ಕೂಡ ಸೇರಿಸಿದ್ದೇವೆ, 0.01 ಮಿ.ಮೀ. ಓದುವಂಥದ್ದು. ಸ್ಪಿಂಡಲ್‌ಗೆ (ಕಟರ್ ತಿರುಗಿಸುವ ದಂಡಕ್ಕೆ) ಕಟ್ಟಿ, ಮೋಟರ್ ಆಫ್ ಇಟ್ಟು, ಕೈಯಲ್ಲೇ ಸುತ್ತಿಸಿ ಟೇಬಲ್ ಮೇಲೆ ಓಡಿಸಿದರೆ ಹೆಡ್ ಓರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ವೈಸಿನ ಕದಲದ ದವಡೆ ನೇರ ಕೂತಿದೆಯಾ ಅಂತ ನೋಡುವುದೂ ಇದರಲ್ಲೇ. ಇಷ್ಟು ವರ್ಷ ಇದನ್ನು ಸೆಟ್ಟಿನಲ್ಲಿ ಇಡದೆ ಇದ್ದದ್ದು ನಮಗೆ ಈಗ ಸರಿ ಕಾಣುವುದಿಲ್ಲ.

ಜಾಬ್ ತಿರುಗಿಸುವ ರೋಟರಿ ಟೇಬಲ್, ತೂತು ದೊಡ್ಡದು ಮಾಡುವ ಬೋರಿಂಗ್ ಹೆಡ್ ಅವಸರ ಇಲ್ಲ. ಬೇಕಾದ ಕೆಲಸ ಎದುರು ಬಂದ ದಿನ ತಗೊಳ್ಳಿ.

ಬೆಲೆ ಹೆಚ್ಚುಕಡಿಮೆ ಮೊದಲಿನಷ್ಟೇ. ಕಟರ್‌ಗಳಿಗೆ ಹೋಗುತ್ತಿದ್ದ ದುಡ್ಡು ಈಗ ವೈಸಿಗೆ, ಡಯಲ್‌ಗೆ ಹೋಗುತ್ತದೆ. ಹಳೆಯ ಸೆಟ್ಟಿಗೆ ಮುಂಗಡ ಕೊಟ್ಟವರು ಹೊಸದನ್ನೇ ತೆಗೆದುಕೊಳ್ಳಬಹುದು, ಬೇಡವಾದರೆ ದುಡ್ಡು ವಾಪಸ್. ಮೊದಲೇ ಕೊಂಡವರು ಬಳಸದ ಕಟರ್ ತಂದರೆ ಅದೇ ಬೆಲೆಗೆ ಬೇರೆ ಟೂಲ್ ಕೊಡುತ್ತೇವೆ. ತುಕ್ಕು ಹಿಡಿದಿದ್ದರೂ ತನ್ನಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ಪಂಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟವರು ನಾವೇ. ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಇನ್ನು ಮೇಲೆ ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಕೊಡುತ್ತೇವೆ, ನೀವೂ ಹಾಗೇ ಇಡಿ.

ಬರುವ ಮೊದಲು ನಿಮ್ಮ ಮಷೀನಿನ ಸ್ಪಿಂಡಲ್ ಬಾಯಿ ಎಂಟಿ3 ಮಾದರಿಯದ್ದೋ ಆರ್8 ಮಾದರಿಯದ್ದೋ ನೋಡಿಕೊಳ್ಳಿ. ಎರಡರ ಟೇಪರ್ ಬೇರೆ, ಹೋಲ್ಡರನ್ನು ಮೇಲಿನಿಂದ ಎಳೆದು ಹಿಡಿಯುವ ಡ್ರಾಬಾರ್ ಬೋಲ್ಟಿನ ಅಳತೆಯೂ ಬೇರೆ. ಗೊತ್ತಾಗದಿದ್ದರೆ ಮಷೀನಿನ ನೇಮ್‌ಪ್ಲೇಟಿನದ್ದು, ಸ್ಪಿಂಡಲ್ ಬಾಯಿಯದ್ದು ಒಂದೊಂದು ಫೋಟೋ ತೆಗೆದು ತನ್ನಿ. ಟಿ-ಸ್ಲಾಟಿನ ಅಗಲವನ್ನೂ ಅಳೆದು ಬರೆದಿಟ್ಟುಕೊಳ್ಳಿ.

ನಿಮ್ಮ ಟೂಲ್ ಅಂಗಡಿಯವರು
ಮಂಗಳೂರು