ಉಪಗ್ರಹ ಸಂಪರ್ಕ ಬರಲಿ, ನಾವಿರುವ ಜಾಗದ ಮಾಹಿತಿಗೂ ಕಾವಲಿರಲಿ

ಮಾನ್ಯ ಸಂಪಾದಕರೇ,

ಟವರ್‌ನ ಹಂಗಿಲ್ಲದೆ ಉಪಗ್ರಹದಿಂದಲೇ ಸ್ಮಾರ್ಟ್‌ಫೋನಿಗೆ ಸಂಪರ್ಕ ಕೊಡುವ ಸೇವೆ ನಮ್ಮ ದೇಶಕ್ಕೂ ಬರಲಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್ ಕಂಪನಿಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಅದೇ ವರ್ಷದ ಡಿಸೆಂಬರ್ 24ರಂದು ಇಸ್ರೋದ ಎಲ್‌ವಿಎಂ3 ರಾಕೆಟ್ ಅಮೆರಿಕದ ಎಎಸ್‌ಟಿ ಸ್ಪೇಸ್‌ಮೊಬೈಲ್ ಕಂಪನಿಯ ಬ್ಲೂಬರ್ಡ್ ಉಪಗ್ರಹವನ್ನು ಶ್ರೀಹರಿಕೋಟಾದಿಂದ ಕಕ್ಷೆಗೆ ಸೇರಿಸಿತು. ಜೇಬಿನಲ್ಲಿರುವ ಮಾಮೂಲಿ ಫೋನಿಗೆ ನೇರವಾಗಿ ಸಂಪರ್ಕ ಒದಗಿಸುವುದೇ ಆ ಉಪಗ್ರಹದ ಕೆಲಸ. ವೇಗ, ದರ, ತರಂಗಾಂತರ ಹಂಚಿಕೆ ಇವುಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಗ್ರಾಹಕರು ಎಲ್ಲಿದ್ದಾರೆ ಎಂಬ ಮಾಹಿತಿ ಯಾರ ಬಳಿ ಉಳಿಯುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದರ ಬಗ್ಗೆ ಮಾತ್ರ ಚರ್ಚೆ ಇಲ್ಲವೆನ್ನುವಷ್ಟು ಕಡಿಮೆ. ಈ ಸೇವೆಯ ಅಗತ್ಯ ಯಾರಿಗಿಂತಲೂ ಹೆಚ್ಚಾಗಿರುವ ಕೊಡಗಿನಿಂದಲೇ ಈ ಪ್ರಶ್ನೆ ಏಳಬೇಕೆಂದು ನನಗನ್ನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸೇವೆಗೆ ನನ್ನ ವಿರೋಧವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಕ್ಕಡ ತಿಂಗಳ ಮುಂಗಾರು ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್‌ನ ಬ್ಯಾಟರಿ ಇಳಿಯುತ್ತದೆ, ಜನರೇಟರ್‌ಗೆ ಡೀಸೆಲ್ ತರಬೇಕಾದ ರಸ್ತೆಯೇ ಕುಸಿದಿದ್ದರೆ ಅಲ್ಲಿಗೆ ಮುಗಿಯಿತು. ಮಳೆಯಿಲ್ಲದ ದಿನಗಳಲ್ಲೂ ಎಷ್ಟೋ ಮನೆಗಳಲ್ಲಿ ಫೋನ್ ಇರುವುದು ಕಿಟಕಿಯ ಸರಳಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ. ಸಿಗ್ನಲ್‌ನ ಒಂದು ಗೆರೆ ಮೂಡುವುದು ಅಲ್ಲಿ ಮಾತ್ರ. ಕರೆ ಬಂದರೆ ಅದನ್ನು ಅಲ್ಲಿಂದ ಅಲುಗಿಸದೆ ಸ್ಪೀಕರ್ ಹಾಕಿ ಮಾತಾಡಬೇಕು, ಕಣದಲ್ಲಿ ಕಾಫಿ ಹರಡುತ್ತಿರುವವರೆಲ್ಲ ಕೇಳಿಸಿಕೊಳ್ಳುತ್ತಾರೆ. (ಇಂಥವರು ಖಾಸಗಿತನದ ಬಗ್ಗೆ ಬರೆಯುವುದೇ ಎಂದು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ.) 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನೂ 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದನ್ನೂ ಕಂಡ ಜಿಲ್ಲೆಯಲ್ಲಿ, ಟವರ್ ಇಲ್ಲದೆಯೂ ‘ನಾನು ಇಲ್ಲಿದ್ದೇನೆ’ ಎಂದು ತಿಳಿಸಬಲ್ಲ ಫೋನ್ ಬೇಡವೆನ್ನುವವರು ಯಾರೂ ಇರಲಾರರು.

ಆದರೆ ‘ನಾನು ಇಲ್ಲಿದ್ದೇನೆ’ ಎಂಬ ಮಾಹಿತಿಯೇ ಈ ತಂತ್ರಜ್ಞಾನದ ಬುಡದಲ್ಲಿದೆ ಎಂಬುದನ್ನು ಗಮನಿಸಬೇಕು. ಜಿಪಿಎಸ್ ಉಪಗ್ರಹಗಳು ನಮ್ಮನ್ನು ಮೇಲಿನಿಂದ ನೋಡುತ್ತಿರುತ್ತವೆ ಎಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ. ಅವು ಸಮಯದ ಸಂಕೇತವನ್ನು ಬಿತ್ತರಿಸುತ್ತವೆ ಅಷ್ಟೇ. ಫೋನ್ ಆ ಸಂಕೇತಗಳಿಂದ ತಾನಿರುವ ಸ್ಥಳವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ಸಂಪರ್ಕ ಉಪಗ್ರಹಕ್ಕಾದರೆ ಫೋನ್ ಉತ್ತರ ಕೊಡಲೇಬೇಕು. ಸುಮಾರು 500 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಿರುವ ಉಪಗ್ರಹಕ್ಕೆ ಸಂಕೇತ ಸರಿಯಾಗಿ ತಲುಪಬೇಕಾದರೆ ಆವರ್ತನವನ್ನೂ ಸಮಯವನ್ನೂ ಹೊಂದಿಸಿಕೊಳ್ಳಬೇಕು. ಅದಕ್ಕಾಗಿಯೇ ಮೊಬೈಲ್ ಜಾಲಗಳಿಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ 3ಜಿಪಿಪಿ ಒಕ್ಕೂಟ 2022ರಲ್ಲಿ ಸಿದ್ಧಪಡಿಸಿದ 17ನೇ ಆವೃತ್ತಿ, ಉಪಗ್ರಹವನ್ನು ಸಂಪರ್ಕಿಸುವ ಫೋನಿಗೆ ತಾನಿರುವ ಸ್ಥಳ ಮೊದಲೇ ಗೊತ್ತಿರಬೇಕು ಎನ್ನುತ್ತದೆ. ಹಳೆಯ 4ಜಿ ಫೋನ್‌ಗಳಿಗೂ ಸೇವೆ ಕೊಡುವ ಕಂಪನಿಗಳು ಈ ಹೊಂದಾಣಿಕೆಯನ್ನು ತಮ್ಮ ಕಡೆಯಿಂದಲೇ ಮಾಡಿಕೊಳ್ಳುತ್ತವೆ, ನಿಜ. ಆದರೆ ಉಪಗ್ರಹದ ಒಂದು ಕಿರಣ ನೆಲದ ಮೇಲೆ ಹತ್ತಾರು ಕಿ.ಮೀ. ಅಗಲಕ್ಕೆ ಬೀಳುತ್ತದೆ; ವಿರಾಜಪೇಟೆಯ ಮೇಲೆ ಬಿದ್ದದ್ದು ಕಣ್ಣೂರು, ವಯನಾಡುಗಳಿಗೂ ಚಾಚುತ್ತದೆ. ಗ್ರಾಹಕರು ಯಾವ ನೆಲದ ಮೇಲಿದ್ದಾರೆಂದು ಖಚಿತವಾಗಿ ಹೇಳಬೇಕಾದಾಗ ಕಂಪನಿ ಫೋನಿನ ಜಿಪಿಎಸ್ಸನ್ನೇ ಕೇಳಬೇಕಾಗುತ್ತದೆ. ‘ಹೆದರಿಕೆಯಿದ್ದರೆ ಲೊಕೇಶನ್ ಆಫ್ ಮಾಡಿಕೊಳ್ಳಿ’ ಎಂಬ ಎಂದಿನ ಉಪದೇಶ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು.

ಇಲ್ಲಿಯವರೆಗೆ ನಮ್ಮ ಸ್ಥಿತಿ ಬೇರೆಯೇ ಇತ್ತು. ಬೆಂಗಳೂರಿನಲ್ಲಿ ಟವರ್‌ಗಳು ಒತ್ತೊತ್ತಾಗಿರುವುದರಿಂದ ಒಬ್ಬರು ಯಾವ ಬೀದಿಯಲ್ಲಿದ್ದಾರೆಂದು ಟವರ್‌ಗಳ ಲೆಕ್ಕದಿಂದಲೇ ಊಹಿಸಬಹುದು. ನಾಲ್ಕಾರು ಗುಡ್ಡಗಳಿಗೆ ಒಂದೇ ಟವರ್ ಇರುವ ಕಡೆ ಆ ಊಹೆ ಬಹಳ ಮಸುಕು. ಉಪಗ್ರಹ ಬಂದ ಮೇಲೆ, ಅತ್ಯಂತ ಒಳಗಿನ ಹಳ್ಳಿಯಲ್ಲಿರುವವರ ಸ್ಥಳವೇ ಕೆಲವು ಮೀಟರುಗಳ ಅಂತರದಲ್ಲಿ ದಾಖಲಾಗುವ ಸಾಧ್ಯತೆಯಿದೆ.

ಸರ್ಕಾರದ ನಿಯಮಗಳು ಏನು ಹೇಳುತ್ತವೆ? ಉಪಗ್ರಹ ಸೇವೆಯ ಪರವಾನಗಿಗೆ 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಹೊಸ ಭದ್ರತಾ ಷರತ್ತುಗಳನ್ನು ಸೇರಿಸಿತು. ಭದ್ರತಾ ಸಂಸ್ಥೆಗಳು ಕೇಳಿದಾಗ ಗ್ರಾಹಕರ ಸಾಧನ ಆ ಕ್ಷಣದಲ್ಲಿ ಎಲ್ಲಿದೆ ಎಂಬುದನ್ನು ಕಂಪನಿ ತಿಳಿಸಬೇಕೆಂಬುದು ಅವುಗಳಲ್ಲಿ ಒಂದು. ದೇಶದ ಭದ್ರತೆಯ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. 2008ರ ಮುಂಬೈ ದಾಳಿಕೋರರ ಕೈಯಲ್ಲಿ ಉಪಗ್ರಹ ಫೋನ್ ಇದ್ದುದನ್ನು ನಾವು ಮರೆತಿಲ್ಲ. ಭಾರತೀಯರ ದತ್ತಾಂಶವನ್ನು ಹೊರದೇಶಕ್ಕೆ ಒಯ್ದು ಬಿಡಿಸಿ ನೋಡುವಂತಿಲ್ಲ ಎಂಬ ಷರತ್ತು ಸ್ವಾಗತಾರ್ಹವೇ. ನನ್ನ ತಕರಾರು ಅನುಮತಿಯ ಎತ್ತರದ ಬಗ್ಗೆ. 2023ರ ದೂರಸಂಪರ್ಕ ಕಾಯ್ದೆ ಮತ್ತು ಅದರಡಿ 2024ರಲ್ಲಿ ಬಂದ ನಿಯಮಗಳ ಪ್ರಕಾರ ಒಬ್ಬರ ಸಂದೇಶವನ್ನು ಕದ್ದಾಲಿಸಲು ಸಾಮಾನ್ಯವಾಗಿ ಕೇಂದ್ರದ ಇಲ್ಲವೇ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆ ಆದೇಶವನ್ನು ಪರಿಶೀಲಿಸಲು ಸಮಿತಿಯಿದೆ, ಅವಧಿಯ ಮಿತಿಯಿದೆ. ಯಾರು ಯಾರಿಗೆ ಯಾವಾಗ ಕರೆ ಮಾಡಿದರೆಂಬ ಕರೆ ವಿವರದ ದಾಖಲೆಗಳಿಗೆ ಅಷ್ಟು ಎತ್ತರದ ಬಾಗಿಲಿಲ್ಲ. ಜಿಲ್ಲಾ ಮಟ್ಟದ ಪೊಲೀಸ್ ಅಧಿಕಾರಿಯ ಕೋರಿಕೆಯೇ ಸಾಕಾಗುತ್ತದೆ, ಕಂಪನಿಗಳು ಅವನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಲೂಬೇಕು. ಉಪಗ್ರಹ ಫೋನಿನ ನಿಖರ ಸ್ಥಳವನ್ನು ಈ ಎರಡರಲ್ಲಿ ಯಾವ ಗುಂಪಿಗೆ ಸೇರಿಸುತ್ತಾರೆ? ಒಬ್ಬ ವ್ಯಕ್ತಿಯ ದಿನದ ಓಡಾಟವೆಲ್ಲ ಅದರಲ್ಲಿರುವಾಗ ಅದನ್ನು ಬರೀ ಕರೆಯ ವಿವರವೆಂದು ಕಾಣುವುದು ಸರಿಯಲ್ಲ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ವಿಪತ್ತಿನ ಸಮಯದಲ್ಲಿ ನೆರವಿಗಾಗಿ ಒಬ್ಬರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೇ ಬಳಸಬಹುದೆಂದು ಅದರ 7ನೇ ಸೆಕ್ಷನ್ ಹೇಳುತ್ತದೆ. ಮಣ್ಣಿನಡಿ ಸಿಲುಕಿದವರ ಒಪ್ಪಿಗೆಗಾಗಿ ಯಾರೂ ಕಾಯಬಾರದು, ಸರಿ. ಉದ್ದೇಶ ಮುಗಿದ ಮೇಲೆ ಆ ಮಾಹಿತಿಯನ್ನು ಅಳಿಸಬೇಕೆಂದು 8ನೇ ಸೆಕ್ಷನ್ ಹೇಳುತ್ತದೆ. ಆದರೆ 17ನೇ ಸೆಕ್ಷನ್‌ನ 4ನೇ ಉಪವಿಭಾಗ ಈ ಅಳಿಸುವ ಕರ್ತವ್ಯದಿಂದ ಸರ್ಕಾರಿ ಸಂಸ್ಥೆಗಳನ್ನು ಹೊರಗಿಟ್ಟಿದೆ. ಎಂದರೆ, ಗುಡ್ಡ ಕುಸಿದ ರಾತ್ರಿ ನಾನು ಕಳಿಸಿದ ತುರ್ತು ಸಂದೇಶವನ್ನು ಕಂಪನಿ ಮುಂದೊಂದು ದಿನ ಅಳಿಸಬೇಕಾದೀತು, ಸರ್ಕಾರದ ವಿಪತ್ತು ಕಂಟ್ರೋಲ್ ರೂಮ್ ಅಳಿಸಲೇಬೇಕೆಂದಿಲ್ಲ. ಅಂಥ ಸಂದೇಶದಲ್ಲಿ ಸ್ಥಳವೊಂದೇ ಇರುವುದಿಲ್ಲ. ಅಮೆರಿಕ, ಕೆನಡಾಗಳಲ್ಲಿ 2022ರ ನವೆಂಬರ್‌ನಿಂದ ಐಫೋನ್ 14ರಲ್ಲಿ ದೊರೆತ ತುರ್ತು ಸೇವೆಯನ್ನೇ ನೋಡಿ: ಏನಾಗಿದೆ, ಯಾರಿಗೆ ಗಾಯವಾಗಿದೆ ಎಂಬ ಪ್ರಶ್ನೆಗಳಿಗೆ ಕೊಟ್ಟ ಉತ್ತರ, ಬ್ಯಾಟರಿಯ ಮಟ್ಟ, ಬಳಕೆದಾರರು ತುಂಬಿಟ್ಟು ಅನುಮತಿಸಿದ್ದರೆ ಕಾಯಿಲೆ ಕಸಾಲೆಯ ವಿವರ, ಎಲ್ಲವೂ ಹೋಗುತ್ತವೆ. ದಾರಿಯಲ್ಲಿ ಅವು ಗೂಢಲಿಪಿಯಲ್ಲೇ ಇದ್ದರೂ, ರಕ್ಷಣಾ ಸಿಬ್ಬಂದಿಗೆ ದಾಟಿಸುವ ಮುನ್ನ ಆಪಲ್ ಅವನ್ನು ಬಿಡಿಸಿಯೇ ಕೊಡುತ್ತದೆ. ಹಾಗೆ ಮಾಡದೆ ಗತ್ಯಂತರವಿಲ್ಲ. ಆದ್ದರಿಂದಲೇ ತಲುಪಿದ ಕಡೆ ಅದರ ಗತಿ ಏನೆಂಬುದಕ್ಕೆ ನಿಯಮ ಬೇಕು.

‘ತಪ್ಪು ಮಾಡದವರಿಗೆ ಭಯವೇಕೆ’ ಎನ್ನುವವರು ನಮ್ಮ ಜಿಲ್ಲೆಯ ನಕ್ಷೆಯನ್ನೊಮ್ಮೆ ನೋಡಲಿ. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಜೇನುಕುರುಬರೂ ಯರವರೂ ತಾವು ತಲೆತಲಾಂತರದಿಂದ ಓಡಾಡಿದ ಜಾಗದ ಹಕ್ಕಿಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಅಲ್ಲಿ ಒಬ್ಬರ ಫೋನ್ ಅರಣ್ಯದ ಗಡಿರೇಖೆಯಿಂದ ಒಳಗಿತ್ತೋ ಹೊರಗಿತ್ತೋ ಎಂಬುದು ನಾಳೆ ಒಂದು ಮೊಕದ್ದಮೆಗೆ ಸಾಕ್ಷ್ಯವಾಗಬಹುದು. ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರಿದ್ದಾರೆ. ಎಷ್ಟೋ ಸಲ ಅವರ ಸಿಮ್ ಬೇರೆ ಯಾರದೋ ಹೆಸರಿನಲ್ಲಿ, ರೀಚಾರ್ಜ್ ಮೇಸ್ತ್ರಿಯ ಕೈಯಲ್ಲಿ. ತೋಟದ ಲೆಕ್ಕ ಬರೆಯುವ ರೈಟರ್ ತನ್ನ ಫೋನಿನಲ್ಲಿ ಸ್ಥಳ, ಸಮಯದ ಮುದ್ರೆಯಿರುವ ಫೋಟೊ ತೆಗೆದು ಹಾಜರಿ ಕಳಿಸುವುದು ಈಗಲೇ ಕೆಲವೆಡೆ ರೂಢಿಗೆ ಬಂದಿದೆ. ಸಿಗ್ನಲ್ ಸಿಗದ ಮೂಲೆಯಲ್ಲಿ ಈಗ ಸಿಗುವ ಬಿಡುವೂ ನಾಳೆ ಇರುವುದಿಲ್ಲ. ಬೆಳೆಗಾರರಾದ ನಮಗೆ ಇದು ಅನುಕೂಲವೆನಿಸಬಹುದು. ಅನುಕೂಲವೆಂಬ ಕಾರಣಕ್ಕೆ ನಾವು ಸುಮ್ಮನಿರಬಾರದು.

ನಮ್ಮ ಕಾಡಾನೆಗಳಿಗೆ ಅರಣ್ಯ ಇಲಾಖೆ ರೇಡಿಯೊ ಕಾಲರ್ ಹಾಕುವಾಗ ಯಾವ ಆನೆಗೆ, ಯಾವ ಕಾರಣಕ್ಕೆ, ಮಾಹಿತಿ ಯಾರ ಕೈಗೆ ಎಂಬುದಕ್ಕೆಲ್ಲ ಕಡತವಿರುತ್ತದೆ. ಮನುಷ್ಯರ ವಿಷಯದಲ್ಲೂ ಅಷ್ಟಾದರೂ ಇರಲಿ ಎಂದರೆ ಅತಿಯಾಸೆಯಾಗದು.

ಕದ್ದು ಕೇಳುವವರ ಭಯವೂ ಪೊಳ್ಳಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಸುಮಾರು 800 ಡಾಲರ್ ಬೆಲೆಯ, ಅಂಗಡಿಯಲ್ಲೇ ಸಿಗುವ ಡಿಶ್ ಸಾಮಗ್ರಿಯಿಂದ 39 ಭೂಸ್ಥಿರ ಉಪಗ್ರಹಗಳನ್ನು ಆಲಿಸಿ 2025ರ ಅಕ್ಟೋಬರ್‌ನಲ್ಲಿ ವರದಿ ಪ್ರಕಟಿಸಿದರು. ದೂರದ ಟವರ್‌ಗಳಿಗೆ ಉಪಗ್ರಹದ ಮೂಲಕ ಹೋಗುತ್ತಿದ್ದ ಜನಸಾಮಾನ್ಯರ ಕರೆ, ಎಸ್ಸೆಮ್ಮೆಸ್‌ಗಳೂ ಯಾವ ಗೂಢಲಿಪಿಯೂ ಇಲ್ಲದೆ ಅವರಿಗೆ ಸಿಕ್ಕಿದ್ದವು. ಅದು ಟವರ್ ಮತ್ತು ಉಪಗ್ರಹದ ನಡುವಿನ ಕೊಂಡಿಯ ದೋಷವೇ ಹೊರತು ಫೋನಿಗೇ ಬರುವ ಹೊಸ ಸೇವೆಯದಲ್ಲ ಎಂಬುದನ್ನೂ ಹೇಳಬೇಕು. ಆದರೂ ಉಪಗ್ರಹದ ಸಂಕೇತ ಬಹಳ ವಿಶಾಲ ಪ್ರದೇಶದ ಮೇಲೆ ಬೀಳುವುದರಿಂದ, ಬೀಗ ಹಾಕುವುದನ್ನು ಕಂಪನಿಯ ಮರ್ಜಿಗೆ ಬಿಡಬಾರದೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಹಕ್ಕನ್ನು ಮೊಟಕುಗೊಳಿಸಲು ಕಾನೂನು ಬೇಕು, ನ್ಯಾಯವಾದ ಉದ್ದೇಶ ಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಲ್ಲಿದೆ. ಜನ ಕೇಳಿದರೆ ಸರ್ಕಾರವೂ ಹಿಂದೆ ಸರಿಯುತ್ತದೆ. ಹೊಸ ಫೋನ್‌ಗಳಲ್ಲೆಲ್ಲ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್ ಇರಲೇಬೇಕೆಂಬ ಆದೇಶವನ್ನು 2025ರ ಡಿಸೆಂಬರ್ 3ರಂದು ಹಿಂಪಡೆದದ್ದು ಅದಕ್ಕೆ ಸಾಕ್ಷಿ.

ಆದ್ದರಿಂದ ಫೋನಿಗೆ ನೇರ ಉಪಗ್ರಹ ಸೇವೆ ಆರಂಭವಾಗುವ ಮೊದಲೇ, ಗ್ರಾಹಕರ ಸ್ಥಳದ ಮಾಹಿತಿಯನ್ನು ಕಂಪನಿ ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾವ ದರ್ಜೆಯ ಅಧಿಕಾರಿಯ ಲಿಖಿತ ಆದೇಶದ ಮೇಲೆ ಕೊಡಬಹುದು ಎಂಬುದನ್ನು ದೂರಸಂಪರ್ಕ ಇಲಾಖೆ ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳಲ್ಲಿ ಪ್ರಕಟಿಸಬೇಕು. ನಮ್ಮ ಸಂಸದರು ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಬೇಕು. ದೆಹಲಿಗೆ ಕಾಯದೆ ಮಡಿಕೇರಿಯಲ್ಲೇ ಆಗಬಹುದಾದ ಕೆಲಸವೂ ಒಂದಿದೆ. ವಿಪತ್ತಿನ ಸಮಯದಲ್ಲಿ ಕಂಟ್ರೋಲ್ ರೂಮ್‌ಗೆ ಬರುವ ಫೋನ್ ನಂಬರು, ಸ್ಥಳ, ಆರೋಗ್ಯದ ವಿವರಗಳನ್ನು ರಕ್ಷಣಾ ಕಾರ್ಯಕ್ಕಲ್ಲದೆ ಬೇರೆ ಯಾವ ಇಲಾಖೆಗೂ ಕೊಡುವುದಿಲ್ಲ, ಕಾರ್ಯಾಚರಣೆ ಮುಗಿದು ಇಂತಿಷ್ಟು ದಿನಗಳಲ್ಲಿ ಅಳಿಸುತ್ತೇವೆ ಎಂದು ಕೊಡಗು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಮುಂದಿನ ಮಳೆಗಾಲದೊಳಗೆ ಒಂದು ನಿರ್ಣಯ ಮಾಡಿ, ಅದನ್ನು ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಹಾಕಿಸಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ,
ಸೋಮವಾರಪೇಟೆ ತಾಲ್ಲೂಕು, ಕೊಡಗು