ಬಣ್ಣ ಹಚ್ಚುವ ಮೊದಲು ಕೈಯಲ್ಲಿ ಏನಿದೆ ನೋಡು

ಪ್ರೀತಿಯ ಮಗಳೇ,

ಯೇಸುವಿಗೆ ಸ್ತೋತ್ರ. ಹಬ್ಬಕ್ಕೆ ಮುಂಚೆ ನಿಮ್ಮೂರ ದೇವಾಲಯದ ಸ್ವರೂಪಗಳಿಗೆ, ಅಂದರೆ ಸಂತರ ಪ್ರತಿಮೆಗಳಿಗೆ, ಬಣ್ಣ ಹಚ್ಚುವ, ಜೊತೆಗೆ ಬಾಲಯೇಸುವನ್ನು ಎತ್ತಿಕೊಂಡ ಮರಿಯಮ್ಮನ, ಅಂದರೆ ನಿತ್ಯ ಸಹಾಯ ಮಾತೆಯ, ಪಟವೊಂದನ್ನು ಹೊಸದಾಗಿ ಬರೆದುಕೊಡುವ ಕೆಲಸ ಒಪ್ಪಿಕೊಂಡಿದ್ದೀಯಂತೆ, ನಿಮ್ಮಪ್ಪ ಹೇಳಿದ. ನಿನ್ನ ಕೈ ಚೆನ್ನಾಗಿದೆ, ಅದರ ಚಿಂತೆ ನನಗಿಲ್ಲ. ಆದರೆ ಈ ಕಲೆಯಲ್ಲಿ ಮುಖಕ್ಕಿಂತ ಗುರುತು ದೊಡ್ಡದು. ಸಂತ ಪೇತ್ರರ ಮುಖ ಹೇಗಿತ್ತೆಂದು ಇವತ್ತು ಹೇಳಬಲ್ಲವರಿಲ್ಲ. ಕೈಯಲ್ಲಿ ಬೀಗದಕೈ ಇದ್ದರೆ ಪೇತ್ರ, ಕತ್ತಿ ಇದ್ದರೆ ಪೌಲ. ಗುರುತು ತಪ್ಪಿದರೆ ಭಕ್ತರು ಯಾರನ್ನೋ ನೆನೆದು ಇನ್ಯಾರದೋ ಮುಂದೆ ಮೇಣದಬತ್ತಿ ಹಚ್ಚುತ್ತಾರೆ.

ಪಟದ ವಿಷಯ ಮೊದಲು. ಮೂಲಚಿತ್ರ ರೋಮ್‌ನ ಸಂತ ಅಲ್ಫೋನ್ಸರ ದೇವಾಲಯದಲ್ಲಿದೆ. 1866ರಲ್ಲಿ ಒಂಬತ್ತನೇ ಪಯಸ್ ಪೋಪ್ ಅದನ್ನು ರೆಡೆಂಪ್ಟರಿಸ್ಟ್ ಎಂಬ ಸಂನ್ಯಾಸಿ ಸಭೆಯ ಗುರುಗಳ ವಶಕ್ಕೆ ಕೊಟ್ಟರು. ಮರದ ಹಲಗೆ, ಎತ್ತರ ಸುಮಾರು 54 ಸೆಂಟಿಮೀಟರ್, ಅಗಲ 41ರ ಆಸುಪಾಸು. ಹತ್ತಿರ ಹತ್ತಿರ 4ಕ್ಕೆ 3ರ ಲೆಕ್ಕ. ನಿನ್ನ ಹಲಗೆಯನ್ನೂ ಅದೇ ಲೆಕ್ಕದಲ್ಲಿ ಕತ್ತರಿಸು. ಚೌಕಕ್ಕೆ ಹೊಂದಿಸಲು ಹೋದರೆ ಮೇಲಿನ ಇಬ್ಬರು ದೇವದೂತರಿಗೆ ಜಾಗ ಸಾಲದೆ, ಅವರ ಕೈಯಲ್ಲಿರುವುದೇ ಕಾಣದಂತಾಗುತ್ತದೆ.

ಅವರ ಕೈಯಲ್ಲಿರುವ, ಯೇಸುವನ್ನು ಶಿಲುಬೆಗೇರಿಸಿದಾಗ ಬಳಸಿದ ವಸ್ತುಗಳೇ ಚಿತ್ರದ ಜೀವ. ನೋಡುವ ನಮ್ಮ ಎಡಕ್ಕೆ ಮಿಕಾಯೇಲ: ಈಟಿ, ಕೋಲಿಗೆ ಸಿಕ್ಕಿಸಿದ ಸ್ಪಂಜು, ಹುಳಿರಸದ ಪಾತ್ರೆ. ಬಲಕ್ಕೆ ಗಬ್ರಿಯೇಲ: ಶಿಲುಬೆ, ಮೊಳೆಗಳು. ಇಬ್ಬರೂ ಬರಿಗೈಯಲ್ಲಿ ಹಿಡಿದಿಲ್ಲ, ಬಟ್ಟೆ ಹೊದ್ದ ಕೈಯಲ್ಲಿ ಹಿಡಿದಿದ್ದಾರೆ. ಆಶೀರ್ವಾದದ ಹೊತ್ತಿಗೆ ಗುರುಗಳು ಪರಮಪ್ರಸಾದದ ಪಾತ್ರೆಯನ್ನು ಹೆಗಲ ಮೇಲಿನ ವಸ್ತ್ರದ ತುದಿಯಿಂದ ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೀಯಲ್ಲ, ಅದೇ ಗೌರವ ಇದು. ಮುಂದೆ ತನಗೆ ಬರಲಿರುವ ಪಾಡುಗಳನ್ನು ಕಂಡು ಬೆದರಿದ ಮಗು ಅಮ್ಮನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಿದೆ. ಓಡಿಬಂದ ರಭಸಕ್ಕೆ ಒಂದು ಕಾಲಿನ ಚಪ್ಪಲಿಯ ಪಟ್ಟಿ ಕಳಚಿ ನೇತಾಡುತ್ತಿದೆ. ನಕಲು ಮಾಡುವವರು ಇದನ್ನು ಮೂಲದ ತಪ್ಪೆಂದುಕೊಂಡು ಚಪ್ಪಲಿಯನ್ನು ನೆಟ್ಟಗೆ ತೊಡಿಸಿಬಿಡುತ್ತಾರೆ. ಹಾಗೆ ಮಾಡಿದರೆ ಮಗುವಿನ ಹೆದರಿಕೆಯೇ ಅಳಿಸಿಹೋಯಿತು. ಮಾತೆಯ ಕಣ್ಣನ್ನೂ ಮಗುವಿನ ಕಡೆಗೆ ತಿರುಗಿಸಬೇಡ, ತುಟಿಗೆ ನಗು ತರಬೇಡ. ಅವರು ನೋಡುತ್ತಿರುವುದು ಪಟದ ಮುಂದೆ ಮೊಣಕಾಲೂರಿದವರನ್ನು.

ಫೋನಿನಲ್ಲಿ ಸಿಕ್ಕಿದ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದ್ದರೂ ತಿರುಗಿರಬಹುದು. ಅಕ್ಷರ ನೋಡಿ ಪತ್ತೆಹಚ್ಚು. ಮಾತೆಯ ತಲೆಯ ಎರಡೂ ಬದಿಗೆ 'ದೇವರ ತಾಯಿ' ಎಂಬ ಗ್ರೀಕ್ ಪದಗಳ ಮೊದಲ ಮತ್ತು ಕೊನೆಯ ಅಕ್ಷರಗಳಿವೆ: ಮ್ಯೂ, ರೋ, ಥೀಟಾ, ಉಪ್ಸಿಲಾನ್. ಈ ನಾಲ್ಕರಲ್ಲಿ ಮೂರು ಕನ್ನಡಿಯಲ್ಲೂ ಒಂದೇ ಥರ ಕಾಣುತ್ತವೆ. ಇಂಗ್ಲಿಷಿನ 'ಪಿ'ಯಂತಿರುವ ರೋ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಅದರ ಹೊಟ್ಟೆ ಬಲಕ್ಕಿರಬೇಕು.

ಹಿನ್ನೆಲೆಯ ಚಿನ್ನದ ಬಣ್ಣ ಅಲಂಕಾರಕ್ಕೆ ಬಳಿದದ್ದಲ್ಲ, ಅದು ಪರಲೋಕದ ಬೆಳಕು. ಅಲ್ಲಿ ಮೋಡ, ನೀಲಿ ಆಕಾಶ ಬರೆಯಬೇಡ. ಅಂಗಡಿಯ ಅಗ್ಗದ ಗೋಲ್ಡ್ ಪೌಡರಿನಲ್ಲಿ ಇರುವುದು ತಾಮ್ರ ಬೆರೆತ ಹಿತ್ತಾಳೆ ಪುಡಿ. ಗಾಳಿ, ತೇವ ತಾಗಿ ಕೆಲವೇ ವರ್ಷದಲ್ಲಿ ಕಂದುತ್ತದೆ. ನಿಜವಾದ ಚಿನ್ನದ ರೇಕಿಗೆ ದುಡ್ಡು ಸಾಲದಿದ್ದರೆ ಹಳದಿ ಕಾವಿಯನ್ನೇ ಬಳಿ. ಹೊಳಪು ಕಡಿಮೆಯಾದರೂ ಬಣ್ಣ ಉಳಿಯುತ್ತದೆ.

ಇನ್ನು ಸ್ವರೂಪಗಳು. ಪೇತ್ರರ ಬೀಗದಕೈ ಎರಡು, ಒಂದು ಚಿನ್ನ, ಇನ್ನೊಂದು ಬೆಳ್ಳಿ: ಪರಲೋಕದ ಅಧಿಕಾರ, ಇಹಲೋಕದ ಅಧಿಕಾರ. ಎರಡಕ್ಕೂ ಒಂದೇ ಬಣ್ಣ ಹಚ್ಚಬೇಡ. ಡೋರ್ನಹಳ್ಳಿಯಲ್ಲಿ ನಾವು ಕೈಮುಗಿಯುವ ಪಾದುವಾದ ಸಂತ ಅಂತೋಣಿಯವರಿಗೆ ಲಿಲ್ಲಿ ಹೂ, ಪುಸ್ತಕ, ಬಾಲಯೇಸು, ಸೊಂಟದ ಹಗ್ಗಕ್ಕೆ ಮೂರು ಗಂಟು. ಗಂಟುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತಗಳು; ದಪ್ಪ ಪುಟ್ಟಿ ಮೆತ್ತಿದರೆ ಮೊದಲು ಮಾಯವಾಗುವುದೇ ಇವು. ಗಡ್ಡ ನರೆತು, ಕೈಯಲ್ಲಿ ಗಂಟೆ, ಕಾಲ ಬಳಿ ಹಂದಿ ಇದ್ದರೆ ಅವರು ಬೇರೆ ಅಂತೋಣಿ, ಈಜಿಪ್ಟಿನ ತಪಸ್ವಿ. ಲಿಲ್ಲಿಯ ದಂಟಿಗೆ ಹಸಿರು ಬಳಿಯುವ ಭರದಲ್ಲಿ ಹೂವನ್ನೂ ಹಸಿರು ಮಾಡಿದರೆ ಅದು ದೂರಕ್ಕೆ ತಾಳೆಗರಿಯಂತೆ ಕಾಣುತ್ತದೆ. ತಾಳೆಗರಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳದು, ಅಂತೋಣಿಯವರದಲ್ಲ. ಪ್ರಭಾವಳಿಯೊಳಗಿನ ಶಿಲುಬೆ ಯೇಸುಸ್ವಾಮಿಗೇ ಮೀಸಲು, ಸಂತರಿಗೆ ಬರೀ ವೃತ್ತ ಸಾಕು. ವ್ಯಾಕುಲ ಮಾತೆಗೆ, ಅಂದರೆ ದುಃಖದಲ್ಲಿರುವ ಮರಿಯಮ್ಮನಿಗೆ, ಎದೆಯಲ್ಲಿ ಏಳು ಕತ್ತಿ, ಎಣಿಸಿಕೋ.

ಬಿಡುವಾದರೆ ಮಂಗಳೂರಿಗೆ ಹೋಗಿ ಸಂತ ಅಲೋಷಿಯಸ್ ಚಾಪೆಲ್‌ನಲ್ಲಿ ಒಂದು ಬೆಳಗ್ಗೆ ಕೂತು ಬಾ. ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೋ ಮೊಸ್ಕೇನಿ ಅಲ್ಲಿ ಬರೆದಿರುವ ಅಪೊಸ್ತಲರನ್ನು, ಯಾರನ್ನೂ ಹೆಸರು ಕೇಳದೆ, ನೀನೇ ಗುರುತಿಸಲು ಪ್ರಯತ್ನಿಸು.

ಕೆಲಸ ಶುರುಮಾಡುವ ಮುನ್ನ ಪ್ರತಿ ಸ್ವರೂಪದ್ದೂ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೋ, ಹಳೆಯ ಬಣ್ಣದ ಅಡಿಯಲ್ಲಿ ಏನಿದೆಯೆಂದು ಮರೆಯಾದ ಮೂಲೆಯಲ್ಲಿ ಸ್ವಲ್ಪವೇ ಕೆರೆದು ನೋಡು. ಯಾವುದಾದರೂ ಕೈ ಖಾಲಿಯಿದ್ದರೆ ನಿನಗೆ ತೋಚಿದ್ದನ್ನು ಹಿಡಿಸಬೇಡ. ಮುರಿದ ಬೀಗದಕೈ, ಬಾಣ, ಕತ್ತಿಗಳನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಪೂಜಾವಸ್ತ್ರದ ಬೀರುವಿನ ತಳದಲ್ಲಿ ಹುಡುಕು, ದೇವಾಲಯದಲ್ಲಿ ಧರ್ಮೋಪದೇಶ ಕಲಿಸುವ ಉಪದೇಶಿಯವರನ್ನೂ ಕೇಳು.

ನಿನ್ನ ದೊಡ್ಡಪ್ಪ