ಭಾನುವಾರದ ಓದು: ಶಾಂಗ್ ಅರಸರಿಂದ ರಾಣಿ ಹಿಮಿಕೊವರೆಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಮ್ಮ ಇತಿಹಾಸ ಓದು ಗೂಗಲ್ ಮೀಟ್‌ನಲ್ಲಿ. ವಿಷಯ ಚೀನಾ, ಜಪಾನಿನ ಮೊದಮೊದಲ ಅರಸರು. ಹೊಸದಾಗಿ ಸೇರಿದವರೂ ಬನ್ನಿ.

ಮೊದಲು ಚೀನಾದ ಶಾಂಗ್ ರಾಜವಂಶ. ಅವರ ರಾಜಧಾನಿಯಿದ್ದ ಅನ್ಯಾಂಗ್‌ನಲ್ಲಿ ಸಿಕ್ಕ ಆಮೆಚಿಪ್ಪು, ದನದ ಮೂಳೆಗಳ ಮೇಲೆ ರಾಜ ವೂ ಡಿಂಗ್ ಭವಿಷ್ಯ ತಿಳಿಯಲು ಕೇಳಿಸಿದ ಪ್ರಶ್ನೆಗಳಿವೆ: ಮಳೆ ಬರುತ್ತದೆಯೇ? ರಾಣಿ ಫೂ ಹಾವೊಗೆ ಹೆರಿಗೆ ಸುಸೂತ್ರವಾಗುತ್ತದೆಯೇ? ಈ ರಾಣಿ ಸೈನ್ಯವನ್ನೂ ನಡೆಸಿದವಳು. ಆಕೆಯ ಸಮಾಧಿ 1976ರಲ್ಲಿ ಸಿಕ್ಕಿತು. 3000 ವರ್ಷ ಹಿಂದಿನ ಆ ಆತಂಕ ನಮ್ಮ ಮನೆಯದೇ ಅನ್ನಿಸುತ್ತದೆ, ನಿಧಾನವಾಗಿ ಓದಿ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿಯನ್ನು ಬೇಗ ಮುಗಿಸೋಣ.

ಜಪಾನಿನಲ್ಲಿ ಹಿಮಿಕೊ. 3ನೇ ಶತಮಾನದ ಈ ರಾಣಿಯ ಸುದ್ದಿ ಉಳಿದಿರುವುದು ಚೀನಾದ ವೇಯ್ ರಾಜ್ಯದ ವೃತ್ತಾಂತದಲ್ಲಿ. ಜಪಾನಿನ ಹಳೆಯ ಗ್ರಂಥವಾದ 712ರ ಕೊಜಿಕಿಯಲ್ಲಿ ಆಕೆಯ ಹೆಸರೇ ಇಲ್ಲ. ಜಪಾನಿನ ಮೊದಲ ಚಕ್ರವರ್ತಿ ಎನ್ನಲಾಗುವ ಜಿಮ್ಮು ಪಟ್ಟಕ್ಕೇರಿದ್ದು ಕ್ರಿ.ಪೂ. 660ರಲ್ಲಿ ಎಂಬುದು ಪುರಾಣದ ಮಾತು, ಟಿಪ್ಪಣಿಯಲ್ಲಿ ಇತಿಹಾಸವೆಂದು ಬರೆಯಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರುತ್ತೇನೆ’ ಎಂದು ಹಾಕಿ, ಒಂದು ಪ್ರಶ್ನೆಯನ್ನೂ ಬರೆಯಿರಿ. ಲಿಂಕ್ ಶನಿವಾರ ಕಳಿಸುತ್ತೇನೆ. ಹಿಮಿಕೊ ಭಾಗವನ್ನು ಓದಿ ಹೇಳಲು ಒಬ್ಬರು ಬೇಕು, ಯಾರಾದರೂ ಮುಂದೆ ಬನ್ನಿ.